ಮೋತಿ ಕಾಲು ಎಳೆದ ದಿನ



ಇವತ್ತಿನ ಪಾಠ ಒಂದು ಕುದುರೆಯದು.

ನಮ್ಮಲ್ಲಿ ಹಸು, ಎಮ್ಮೆ, ಕುರಿ ಇರೋ ಮನೆಗಳೇ ಜಾಸ್ತಿ. ಕುದುರೆ ಇರೋ ಮನೆ ಕಡಿಮೆ. ಆದರೂ ಮೈಸೂರಿನಲ್ಲಿ, ವಿಜಯಪುರದಲ್ಲಿ ಇವತ್ತಿಗೂ ಕುದುರೆ ಗಾಡಿ ಓಡುತ್ತವೆ. ಮೈಸೂರಿನ ಕಡೆ ಜಟಕಾ ಅಂತೀವಿ, ಟಾಂಗಾ ಅಂತಲೂ ಅಂತೀವಿ.

ಗಾಡಿ ಓಡಿಸೋರು ಗಂಡಸರು. ಆದರೆ ಕುದುರೆಗೆ ನೀರು ಇಡೋರು ಯಾರು? ಹುಲ್ಲು ಹಾಕೋರು ಯಾರು? ಲದ್ದಿ ಬಾಚೋರು ಯಾರು? ಹೆಚ್ಚಾಗಿ ಮನೆಯ ಹೆಂಗಸರೇ. ಆದ್ದರಿಂದ ಕುದುರೆಗೆ ಹುಷಾರಿಲ್ಲ ಅಂತ ಮೊದಲು ಗೊತ್ತಾಗೋದೂ ನಮಗೇ.

ಕೆಳಗಿನ ಕಥೆ ಕಟ್ಟಿದ ಕಥೆ. ಅದರೊಳಗಿನ ವಿಷಯ ಮಾತ್ರ ನಿಜ. ನಿಧಾನವಾಗಿ ಓದಿ. ಒಬ್ಬರು ಓದಿ, ಉಳಿದವರು ಕೇಳಿ.

1. ಬೆಳಗಿನ ಜಾವ

ಮೈಸೂರಿನ ಒಂದು ಬೀದಿ. ಅಲ್ಲಿ ಒಂದು ಜಟಕಾ ಮನೆ. ಗಂಡ, ಹೆಂಡತಿ, ಅತ್ತೆ, ಇಬ್ಬರು ಮಕ್ಕಳು. ಅಂಗಳದಲ್ಲಿ ಒಂದು ಎಳೆಯ ಕುದುರೆ. ಅದರ ಹೆಸರು ಮೋತಿ. ಮೋತಿಯನ್ನು ಸಾಲ ಮಾಡಿ ತಂದಿದ್ದರು. ಕಂತು ಇನ್ನೂ ತೀರಿರಲಿಲ್ಲ.

ದಸರಾಕ್ಕೆ ಹದಿನೈದು ದಿನ ಇತ್ತು. ದಸರಾ ಅಂದರೆ ಜಟಕಾದವರಿಗೆ ಸುಗ್ಗಿ.

ಅವತ್ತು ಬೆಳಿಗ್ಗೆ ಆ ಮನೆಯ ಅಕ್ಕ ನೀರಿನ ಬಕೆಟ್ ಹಿಡಿದು ಅಂಗಳಕ್ಕೆ ಬಂದಳು. ಮೋತಿ ನೀರಿನ ಕಡೆ ಬರಲು ನೋಡಿತು. ಬರಲಾಗಲಿಲ್ಲ. ಬಲಗಡೆಯ ಹಿಂಗಾಲು ಹಿಂದಕ್ಕೆ ಚಾಚಿಕೊಂಡು ಕೋಲಿನ ಹಾಗೆ ಬಿಗಿದಿತ್ತು. ಮಡಿಸಲು ಆಗುತ್ತಿರಲಿಲ್ಲ. ಗೊರಸಿನ ತುದಿ ನೆಲಕ್ಕೆ ಉಜ್ಜುತ್ತಿತ್ತು.

"ರೀ, ಬನ್ನಿ ಇಲ್ಲಿ. ಮೋತಿ ಕಾಲು ಎಳೀತಾ ಇದೆ."

ಗಂಡ ಓಡಿ ಬಂದ. ಅತ್ತೆಯೂ ಬಂದರು. ಪಕ್ಕದ ಮನೆಯ ತಾತನೂ ಬಂದರು.

"ಇದು ವಾಯು ಕಣಪ್ಪ. ಕಬ್ಬಿಣ ಕಾಯಿಸಿ ತೊಡೆಗೆ ಎರಡು ಬರೆ ಹಾಕು. ಸಂಜೆಗೆ ಓಡ್ತದೆ" ಅಂದರು ತಾತ.

ಗಂಡ ಒಲೆಯ ಕಡೆ ನೋಡಿದ. ಅಕ್ಕನ ಎದೆ ಧಸಕ್ಕೆಂದಿತು. ಅವಳಿಗೆ ಹಿಂದಿನ ಕುದುರೆ ನೆನಪಾಯಿತು.

2. ಹಿಂದಿನ ಕುದುರೆಗೆ ಏನಾಗಿತ್ತು?

ಹಿಂದಿನ ಕುದುರೆಯ ಗೊರಸಿಗೆ ಒಂದು ಮೊಳೆ ಚುಚ್ಚಿತ್ತು. ಮೊಳೆ ಕಿತ್ತು ಬಿಸಾಕಿದರು. ಅರಿಶಿನ, ಸೀಮೆಎಣ್ಣೆ ಸವರಿದರು. ಎರಡು ದಿನಕ್ಕೆ ಕುಂಟು ಕಡಿಮೆ ಆಯಿತು. ಗಾಡಿ ಕಟ್ಟಿದರು.

ಹತ್ತನೇ ದಿನ ಕುದುರೆಯ ಮೈ ಮರಗಟ್ಟಿತು. ಬಾಲ ಎತ್ತಿಕೊಂಡೇ ನಿಂತಿತು. ದವಡೆ ಕಚ್ಚಿಕೊಂಡಿತು. ನೀರೂ ಇಳಿಯಲಿಲ್ಲ. ಸಣ್ಣ ಸದ್ದಿಗೂ ಬೆಚ್ಚುತ್ತಿತ್ತು. ಕೊನೆಗೆ ಸತ್ತು ಹೋಯಿತು.

ಅದು ಧನುರ್ವಾಯು. ಈ ರೋಗದ ಜೀವಾಣು ಮಣ್ಣಿನಲ್ಲಿ, ಲದ್ದಿಯಲ್ಲಿ ಇರುತ್ತದೆ. ಆಳವಾದ ಗಾಯದೊಳಗೆ ಸೇರಿ ವಿಷ ಮಾಡುತ್ತದೆ. ಸಾಕುಪ್ರಾಣಿಗಳಲ್ಲಿ ಕುದುರೆಗೆ ಇದು ಬಹಳ ಬೇಗ ತಗಲುತ್ತದೆ. ಗಾಯ ಆಗಿ ಒಂದರಿಂದ ಮೂರು ವಾರದೊಳಗೆ ಕಾಣಿಸಿಕೊಳ್ಳುವುದು ಹೆಚ್ಚು. ಅಷ್ಟರಲ್ಲಿ ಗಾಯ ಮಾಯ್ದಿರಲೂಬಹುದು. ಇದಕ್ಕೆ ಮುಂಚೆಯೇ ಹಾಕಿಸೋ ಲಸಿಕೆ ಇದೆ. ಆ ಮನೆಯಲ್ಲಿ ಅದು ಯಾರಿಗೂ ಗೊತ್ತಿರಲಿಲ್ಲ.

"ಈ ಸಲ ಬರೆ ಬೇಡ" ಅಂದಳು ಅಕ್ಕ. "ಏನಾಗಿದೆ ಅಂತ ಗೊತ್ತಾಗೋ ತನಕ ಯಾರೂ ಏನೂ ಮಾಡಬೇಡಿ. ಡಾಕ್ಟ್ರನ್ನ ಕರೆಯೋಣ."

"ಡಾಕ್ಟ್ರು ಬರೋ ತನಕ ಬಾಡಿಗೆ ಹೋಗ್ತದಲ್ಲ?" ಅಂದ ಗಂಡ.

"ಒಂದು ದಿನದ ಬಾಡಿಗೆ ಹೋಗ್ಲಿ. ಕುದುರೆ ಹೋದ್ರೆ ವರ್ಷದ ಬಾಡಿಗೆ ಹೋಗ್ತದೆ."

ಅತ್ತೆ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಅವಳು ಹೇಳೋದು ಸರಿ ಕಣೋ. ಹೋದ ಸಲ ಅತ್ತಿದ್ದು ಸಾಕು" ಅಂದರು.

ಪಶುವೈದ್ಯರ ವಾಹನ ಕರೆಸೋ ಫೋನ್ ನಂಬರು 1962. ಕರೆಗೆ ದುಡ್ಡು ಬೀಳುವುದಿಲ್ಲ. ಅಕ್ಕ ಆ ನಂಬರನ್ನು ಕಲಿಕಾ ಕೇಂದ್ರದಲ್ಲಿ ಅಂಕಿ ಬರೆಯೋ ಪಾಠದ ದಿನ ಬರೆದುಕೊಂಡಿದ್ದಳು. ಗೋಡೆಯ ಮೇಲೆ ಇದ್ದಿಲಿನಲ್ಲಿ ಬರೆದದ್ದು ಹಾಗೇ ಇತ್ತು. ತಾನೇ ಓದಿ, ತಾನೇ ಒತ್ತಿದಳು.

3. ಅಕ್ಕ ಏನೇನು ನೋಡಿದಳು?

ಡಾಕ್ಟರು ಬರಲು ಹೊತ್ತು ಹಿಡಿಯುತ್ತದೆ ಅಂದರು. ಆ ಹೊತ್ತಿನಲ್ಲಿ ಅಕ್ಕ ಸುಮ್ಮನೆ ಕೂರಲಿಲ್ಲ. ದೂರದಿಂದ ಶುರು ಮಾಡಿ, ಹತ್ತಿರ ಬಂದು ನೋಡಿದಳು.

ನಿಂತಿರೋದು ನೋಡಿದಳು. ಕುದುರೆ ಸುಮ್ಮನೆ ನಿಂತಾಗ ಒಂದು ಹಿಂಗಾಲಿನ ತುದಿ ಊರಿ ಸುಧಾರಿಸಿಕೊಳ್ಳೋದು ಸಹಜ. ಕಾಲು ಬದಲಾಯಿಸುತ್ತಾ ಇರುತ್ತದೆ. ಯಾವಾಗಲೂ ಒಂದೇ ಕಾಲನ್ನು ಎತ್ತಿಕೊಂಡೇ ಇದ್ದರೆ ಆ ಕಾಲಿಗೆ ನೋವು ಅಂತ ತಿಳಿಯಬೇಕು.

ಮುಟ್ಟಿ ನೋಡಿದಳು. ಗಂಡ ಮುಂದೆ ನಿಂತು ಹಗ್ಗ ಹಿಡಿದ. ಅಕ್ಕ ಕುದುರೆಯ ಹಿಂದೆ ನಿಲ್ಲಲಿಲ್ಲ. ಪಕ್ಕದಲ್ಲಿ, ಭುಜದ ಹತ್ತಿರದಿಂದ ಮಾತಾಡಿಸುತ್ತಾ ಬಂದಳು. ನೋವಿರೋ ಕುದುರೆ ಎಂಥ ಸಾಧುವಾದರೂ ಒದೆಯುತ್ತದೆ. ಮೊದಲು ಒಳ್ಳೆಯ ಕಾಲು ಮುಟ್ಟಿದಳು. ಆಮೇಲೆ ಕೆಟ್ಟ ಕಾಲು ಮುಟ್ಟಿದಳು. ಎಲ್ಲಿ ಊತ ಇದೆ? ಎಲ್ಲಿ ಬಿಸಿ ಇದೆ? ಎಲ್ಲಿ ಗಾಯ ಇದೆ? ಎರಡನ್ನೂ ಹೋಲಿಸಿದಳು. ಊತ ಇರಲಿಲ್ಲ. ಬಿಸಿ ಇರಲಿಲ್ಲ. ಗಾಯವೂ ಇರಲಿಲ್ಲ.

ನಾಡಿ ಎಣಿಸಿದಳು. ಕುದುರೆಯ ಕೆಳದವಡೆಯ ಮೂಳೆಯ ಒಳಗಡೆ ಬೆರಳು ಇಟ್ಟರೆ ದಾರದಂಥ ಒಂದು ನಾಳ ಸಿಗುತ್ತದೆ. ಅದು ಮಿಡಿಯುತ್ತದೆ. ಗಡಿಯಾರ ನೋಡಿ 15 ಸೆಕೆಂಡು ಎಣಿಸಿದಳು. 10 ಬಂತು. 10ನ್ನು 4ರಿಂದ ಗುಣಿಸಿದಳು. ನಿಮಿಷಕ್ಕೆ 40.

ಬೆಳೆದ ಕುದುರೆ ಸುಮ್ಮನೆ ನಿಂತಾಗ ನಾಡಿ ನಿಮಿಷಕ್ಕೆ 28ರಿಂದ 44 ಇರುತ್ತದೆ. ಉಸಿರು 8ರಿಂದ 16. ಮೈಶಾಖ ಸುಮಾರು 99ರಿಂದ 101 ಡಿಗ್ರಿ ಫ್ಯಾರನ್‌ಹೀಟ್. ಮರಿಗಳಲ್ಲಿ ಇವೆಲ್ಲ ಸ್ವಲ್ಪ ಹೆಚ್ಚು. ನಾಡಿ 60 ದಾಟಿದರೆ ನೋವು ಜೋರಾಗಿದೆ, ಇಲ್ಲವೇ ಕಾಯಿಲೆ ಜೋರಾಗಿದೆ ಅಂತ ಅರ್ಥ.

4. ಅಕ್ಕ ಬರೆದ ಚೀಟಿ

ನೋಡಿದ್ದನ್ನು ಮರೆಯಬಾರದು. ಅದಕ್ಕೇ ಮಗನ ಪುಸ್ತಕದಿಂದ ಒಂದು ಹಾಳೆ ತೆಗೆದು ಬರೆದಳು. ಅಕ್ಷರ ಸೊಟ್ಟ ಆಯಿತು. ಆದರೂ ಬರೆದಳು.

"ಮೋತಿ. ಗಂಡು ಕುದುರೆ. 4 ವರ್ಷ ಅಂತ ಕೊಟ್ಟರು.
ಬೆಳಿಗ್ಗೆ 6 ಗಂಟೆಗೆ ನೋಡಿದೆ. ರಾತ್ರಿ ಚೆನ್ನಾಗಿತ್ತು.
ಬಲ ಹಿಂಗಾಲು ಹಿಂದಕ್ಕೆ ಬಿಗಿದಿದೆ. ಮಡಿಸಲ್ಲ.
ಊತ ಇಲ್ಲ. ಗಾಯ ಇಲ್ಲ. ಬಿಸಿ ಇಲ್ಲ.
ನಾಡಿ 40. ಹುಲ್ಲು ತಿಂತು. ನೀರು ಕುಡೀತು.
ಲಾಳ ಕಟ್ಟಿಸಿ ಎರಡು ತಿಂಗಳಾಯ್ತು.
ಧನುರ್ವಾಯು ಲಸಿಕೆ ಹಾಕಿಸಿಲ್ಲ."

ಬರೆದು ಮುಗಿಸೋ ಹೊತ್ತಿಗೆ 'ಟಕ್' ಅಂತ ಸದ್ದು. ಮೋತಿ ಕಾಲನ್ನು ಝಾಡಿಸಿ ಮಡಿಸಿತು. ಎರಡು ಹೆಜ್ಜೆ ಹಾಕಿತು. ಏನೂ ಆಗೇ ಇಲ್ಲ ಅನ್ನೋ ಹಾಗೆ ಹುಲ್ಲಿಗೆ ಬಾಯಿ ಹಾಕಿತು.

"ನೋಡು! ಸರಿ ಹೋಯ್ತು. ಗಾಡಿ ಕಟ್ತೀನಿ" ಅಂದ ಗಂಡ.

ಅಕ್ಕ ಹಗ್ಗ ಬಿಡಲಿಲ್ಲ. "ಯಾಕೆ ಬಿಗೀತು ಅಂತ ಗೊತ್ತಾಗಿಲ್ಲ. ದಾರಿ ಮಧ್ಯೆ ಜನ ಕೂತಿರುವಾಗ ಬಿಗಿದ್ರೆ? ಡಾಕ್ಟ್ರು ಬರ್ಲಿ." ಈ ಚೀಟಿಯ ಕೊನೆಗೆ ಒಂದು ಸಾಲು ಸೇರಿಸಿದಳು. "8 ಗಂಟೆಗೆ ತಾನೇ ಬಿಟ್ಟುಕೊಂಡಿತು."

5. ಡಾಕ್ಟರು ಹೇಳಿದ್ದು

ಡಾಕ್ಟರು ಬಂದರು. ಚೀಟಿ ಓದಿದರು. "ಇದನ್ನ ಯಾರಮ್ಮ ಬರೆದದ್ದು?" ಅಂದರು.

"ನಾನೇ ಸಾರ್" ಅಂದಳು ಅಕ್ಕ.

"ನನ್ನ ಅರ್ಧ ಕೆಲಸ ನೀವೇ ಮಾಡಿದೀರಮ್ಮ."

ಡಾಕ್ಟರು ನಾಲ್ಕೂ ಗೊರಸು ಎತ್ತಿ ನೋಡಿದರು. ಜ್ವರ ನೋಡಿದರು. ಮೋತಿಯನ್ನು ಸಣ್ಣ ಸುತ್ತಿನಲ್ಲಿ ತಿರುಗಿಸಿದರು. ತಿರುಗುವಾಗ ಅದೇ ಕಾಲು ಮತ್ತೆ ಬಿಗಿಯಿತು. ಅವರು ಮೋತಿಯನ್ನು ಮೆಲ್ಲಗೆ ನಾಲ್ಕು ಹೆಜ್ಜೆ ಹಿಂದಕ್ಕೆ ಸರಿಸಿದರು. 'ಟಕ್' ಅಂತ ಬಿಟ್ಟುಕೊಂಡಿತು.

"ಇದು ಮಂಡಿ ಚಿಪ್ಪಿನ ತೊಂದರೆ" ಅಂದರು.

ಕುದುರೆಯ ಹಿಂಗಾಲನ್ನು ಗಮನಿಸಿ. ಹೊಟ್ಟೆಯ ಪಕ್ಕ ಮುಂದಕ್ಕೆ ಉಬ್ಬಿದ ಕೀಲು ಇದೆ. ಅದು ಕುದುರೆಯ ಮಂಡಿ. ಅದರ ಕೆಳಗೆ ಹಿಂದಕ್ಕೆ ಚೂಪಾದ ಕೀಲು ಇದೆ. ಅದು ನಮ್ಮ ಹಿಮ್ಮಡಿ ಇದ್ದ ಹಾಗೆ.

ನಮ್ಮ ಮಂಡಿಯಲ್ಲಿರೋ ಹಾಗೆ ಅದರ ಮಂಡಿಯಲ್ಲೂ ಒಂದು ಚಿಪ್ಪು ಇದೆ. ಕುದುರೆ ನಿಂತುಕೊಂಡೇ ತೂಕಡಿಸುತ್ತದೆ ಅಲ್ಲವೇ? ಬೀಳುವುದಿಲ್ಲ ಯಾಕೆ? ಈ ಚಿಪ್ಪನ್ನು ತೊಡೆ ಮೂಳೆಯ ಏಣಿಗೆ ಸಿಕ್ಕಿಸಿಕೊಂಡು ಕಾಲಿಗೆ ಅಗುಳಿ ಹಾಕಿಕೊಳ್ಳುತ್ತದೆ. ನಡೆಯಬೇಕಾದಾಗ ಅಗುಳಿ ತೆಗೆಯುತ್ತದೆ.

ಕೆಲವು ಎಳೆಯ ಕುದುರೆಗಳಲ್ಲಿ ಅಗುಳಿ ಬೇಗ ಬಿಡುವುದಿಲ್ಲ. ತೊಡೆಯ ಮಾಂಸಕ್ಕೆ ಬಲ ಸಾಲದೆ ಹೀಗಾಗುತ್ತದೆ. ಬಡಕಲಾದ ಕುದುರೆ, ಬೇಗ ಉದ್ದಕ್ಕೆ ಬೆಳೆದ ಕುದುರೆ, ಹಿಂಗಾಲು ತೀರ ನೆಟ್ಟಗಿರೋ ಕುದುರೆ, ಇವುಗಳಲ್ಲಿ ಇದು ಹೆಚ್ಚು. ದನಗಳಲ್ಲೂ ಈ ತೊಂದರೆ ಕಾಣುತ್ತದೆ.

ಡಾಕ್ಟರು ಮೋತಿಯ ತುಟಿ ಎತ್ತಿ ಹಲ್ಲು ನೋಡಿದರು. ಮುಂದಿನ ಹಲ್ಲುಗಳಲ್ಲಿ ನಡುವಿನ ಜೋಡಿ ಮಾತ್ರ ದೊಡ್ಡದು. ಪಕ್ಕದವೆಲ್ಲ ಇನ್ನೂ ಸಣ್ಣ ಹಾಲುಹಲ್ಲು.

"ಇದಕ್ಕೆ ನಾಲ್ಕು ವರ್ಷ ಆಗಿಲ್ಲಮ್ಮ. ಮೂರರ ಆಸುಪಾಸು ಅಷ್ಟೆ."

ಈ ಲೆಕ್ಕ ನೆನಪಿಡಿ. ನಡುವಿನ ಜೋಡಿ ಹಾಲುಹಲ್ಲು ಸುಮಾರು ಎರಡೂವರೆ ವರ್ಷಕ್ಕೆ ಬದಲಾಗುತ್ತದೆ. ಅದರ ಪಕ್ಕದ ಜೋಡಿ ಮೂರೂವರೆಗೆ. ಮೂಲೆಯ ಜೋಡಿ ನಾಲ್ಕೂವರೆಗೆ. ಕೊಳ್ಳುವ ಮೊದಲು ಬಾಯಿ ನೋಡಿ. ಮಾರುವವರ ಮಾತಷ್ಟೇ ಸಾಲದು.

"ಬರೆ ಹಾಕಿದ್ರೆ ಏನಾಗ್ತಿತ್ತು ಸಾರ್?" ಕೇಳಿದ ಗಂಡ.

"ಚಿಪ್ಪು ಸಿಕ್ಕಿಕೊಂಡಿರೋದು ಒಳಗೆ. ಚರ್ಮ ಸುಟ್ಟರೆ ಅದು ಬಿಟ್ಟುಕೊಳ್ಳುತ್ತದಾ? ಒಂದು ನೋವಿಗೆ ಎರಡು ನೋವು. ಮೇಲೆ ಗಾಯ, ಕೀವು."

6. ಎಲ್ಲಾ ಕುಂಟೂ ಒಂದೇ ಅಲ್ಲ

ಮೋತಿಗೆ ಆಗಿದ್ದು ಮಂಡಿ ಚಿಪ್ಪು. ಆದರೆ ಹಿಂಗಾಲು ಹಠಾತ್ತಾಗಿ ಕುಂಟೋದಕ್ಕೆ ಬೇರೆ ಕಾರಣಗಳೂ ಇವೆ.

ಗೊರಸಿನ ಕೀವು: ಹಠಾತ್ ಕುಂಟಿಗೆ ಇದು ಬಹಳ ಸಾಮಾನ್ಯ ಕಾರಣ. ಕಲ್ಲು, ಗಾಜು, ಮೊಳೆ ಚುಚ್ಚಿ ಒಳಗೆ ಕೀವು ತುಂಬುತ್ತದೆ. ಲಾಳದ ಮೊಳೆ ಒಳಮಾಂಸಕ್ಕೆ ಹತ್ತಿರ ಹೋದರೂ ಹೀಗಾಗಬಹುದು. ಗೊರಸು ಬಿಸಿ ಇರುತ್ತದೆ. ಕುದುರೆ ಕಾಲನ್ನೇ ಊರುವುದಿಲ್ಲ. ಮೂಳೆ ಮುರಿದಿದೆಯೇನೋ ಅನ್ನಿಸುವಷ್ಟು ನೋವು. ಡಾಕ್ಟರು ಗೊರಸಿಗೆ ದಾರಿ ಮಾಡಿ ಕೀವು ತೆಗೆದರೆ ಬೇಗ ಆರಾಮ ಆಗುತ್ತದೆ.

ಚುಚ್ಚಿದ ಮೊಳೆ: ಗೊರಸಿನಲ್ಲಿ ಮೊಳೆ ಕಂಡರೆ ತಕ್ಷಣ ಕೀಳಬೇಡಿ. ಕಾಲು ಊರಿದಾಗ ಇನ್ನೂ ಒಳಗೆ ಹೋಗದ ಹಾಗೆ ಸುತ್ತ ದಪ್ಪ ಬಟ್ಟೆ ಕಟ್ಟಿ ಡಾಕ್ಟರನ್ನು ಕರೆಯಿರಿ. ಕೀಳಲೇಬೇಕಾದರೆ ಎಲ್ಲಿ ಚುಚ್ಚಿತ್ತು, ಎಷ್ಟು ಆಳ ಇತ್ತು ಅಂತ ಗುರುತು ಹಾಕಿ. ಮೊಳೆಯನ್ನು ಬಿಸಾಕದೆ ಡಾಕ್ಟರಿಗೆ ತೋರಿಸಿ. ಧನುರ್ವಾಯು ಚುಚ್ಚುಮದ್ದು ಕೇಳಿ ಹಾಕಿಸಿ.

ಮಾಂಸ ಹಿಡಿದುಕೊಳ್ಳೋದು: ಕುದುರೆಗೆ ಒಂದೆರಡು ದಿನ ರಜ. ಆದರೆ ಹುರುಳಿ, ಬೂಸಾ ಎಂದಿನಷ್ಟೇ. ಮಾರನೇ ದಿನ ಗಾಡಿ ಕಟ್ಟಿದ ಸ್ವಲ್ಪ ಹೊತ್ತಿಗೆ ಹಿಂಭಾಗದ ಮಾಂಸ ಕಲ್ಲಿನಂತಾಗುತ್ತದೆ. ಬೆವರು ಸುರಿಯುತ್ತದೆ. ಮೂತ್ರ ಕಾಫಿ ಬಣ್ಣಕ್ಕೆ ಬರಬಹುದು. ಆಗ ಒಂದು ಹೆಜ್ಜೆಯೂ ನಡೆಸಬೇಡಿ. ಅಲ್ಲೇ ಗಾಡಿ ಬಿಚ್ಚಿ, ನೀರು ಕೊಟ್ಟು, ಡಾಕ್ಟರನ್ನು ಅಲ್ಲಿಗೇ ಕರೆಸಿ. ರಜದ ದಿನ ಕಾಳು, ಬೂಸಾ ಕಡಿಮೆ ಮಾಡಿ, ಹುಲ್ಲು ಹೆಚ್ಚು ಕೊಟ್ಟರೆ ಇದನ್ನು ಬಹುಮಟ್ಟಿಗೆ ತಡೆಯಬಹುದು.

ಮೂಳೆ ಮುರಿತ: ಕಾಲು ಜೋತಾಡುತ್ತದೆ ಇಲ್ಲವೇ ಸೊಟ್ಟ ಕಾಣುತ್ತದೆ. ನಡೆಸಬೇಡಿ. ಲಾರಿಗೂ ಹತ್ತಿಸಬೇಡಿ. ಮೊದಲು ಡಾಕ್ಟರು ಬರಬೇಕು.

ಕೀಲಿನ ಹತ್ತಿರದ ಗಾಯ: ಗಾಯ ಚಿಕ್ಕದೇ ಇರಬಹುದು. ಅದರಿಂದ ಎಣ್ಣೆಯಂಥ ಹಳದಿ ನೀರು ಬಂದರೆ ಕೀಲಿಗೇ ತಗಲಿದೆ ಅಂತ ಅನುಮಾನ ಪಡಬೇಕು. ಅವತ್ತೇ ತೋರಿಸಬೇಕು.

ಹಾಲು ಕುಡಿಯೋ ಮರಿ ಕುಂಟಿದರೆ: "ತಾಯಿ ತುಳಿದಿರಬೇಕು" ಅಂತ ಬಿಡಬೇಡಿ. ಹೊಕ್ಕುಳಿನಿಂದ ಅಥವಾ ರಕ್ತದಿಂದ ನಂಜು ಕೀಲಿಗೆ ಇಳಿದಿರಬಹುದು. ಕೀಲು ಊದುತ್ತದೆ, ಜ್ವರ ಬರುತ್ತದೆ, ಮರಿ ಹಾಲು ಬಿಡುತ್ತದೆ. ಒಂದು ದಿನ ತಡ ಮಾಡಿದರೂ ಕೀಲು ಹಾಳಾಗಬಹುದು.

7. ಮಾಡಿ, ಮಾಡಬೇಡಿ

ಮಾಡಿ:
ಕುಂಟು ಕಂಡ ಕೂಡಲೇ ಕೆಲಸ ನಿಲ್ಲಿಸಿ. ಗಾಡಿ ಬಿಚ್ಚಿ.
ನೆರಳಲ್ಲಿ, ಜಾರದ ನೆಲದಲ್ಲಿ ನಿಲ್ಲಿಸಿ. ಹುಲ್ಲು, ನೀರು ಹತ್ತಿರ ಇಡಿ.
ಗೊರಸಿನ ಅಡಿ ನೋಡಿ. ಗಾಯ ಇದ್ದರೆ ಶುದ್ಧ ನೀರಲ್ಲಿ ತೊಳೆಯಿರಿ.
ನೋಡಿದ್ದನ್ನು ಗಂಟೆ ಸಮೇತ ಬರೆದಿಡಿ.
1962ಕ್ಕೆ ಫೋನ್ ಮಾಡಿ, ಇಲ್ಲವೇ ಹತ್ತಿರದ ಪಶು ಆಸ್ಪತ್ರೆಗೆ ತಿಳಿಸಿ.

ಮಾಡಬೇಡಿ:
ಬರೆ ಹಾಕಬೇಡಿ.
ಹೊಡೆದು ನಡೆಸಬೇಡಿ.
ಬಿಗಿದ ಕಾಲನ್ನು ಹಗ್ಗ ಕಟ್ಟಿ ಎಳೆಯಬೇಡಿ.
ನಮ್ಮ ನೋವಿನ ಮಾತ್ರೆ ಕೊಡಬೇಡಿ. ನೋವು ಮುಚ್ಚಿದರೆ ಕುದುರೆ ಕೆಟ್ಟ ಕಾಲನ್ನೇ ಊರಿ ಇನ್ನೂ ಕೆಡಿಸಿಕೊಳ್ಳುತ್ತದೆ. ಡೈಕ್ಲೋಫೆನಾಕ್ ಅನ್ನೋ ನೋವಿನ ಔಷಧಿಯನ್ನು ಪ್ರಾಣಿಗಳಿಗೆ ಕೊಡೋದನ್ನು ಸರ್ಕಾರ 2006ರಲ್ಲಿ ತಡೆಯಿತು. ಆ ಔಷಧಿ ಕೊಟ್ಟ ದನ ಸತ್ತ ಮೇಲೆ, ಅದನ್ನು ತಿಂದ ರಣಹದ್ದುಗಳು ಸಾಯುತ್ತಿದ್ದವು.

8. ಕಾನೂನು ಏನು ಹೇಳುತ್ತದೆ?

1960ರಲ್ಲಿ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆ ಬಂತು. ಗಾಯ, ಕಾಯಿಲೆ, ಕುಂಟು ಇದ್ದು ಕೆಲಸಕ್ಕೆ ಆಗದ ಪ್ರಾಣಿಯನ್ನು ದುಡಿಸುವುದು ಅಪರಾಧ. 1965ರ ನಿಯಮಗಳ ಪ್ರಕಾರ ಎಳೆಯುವ ಪ್ರಾಣಿಯನ್ನು ದಿನಕ್ಕೆ 9 ಗಂಟೆಗಿಂತ ಹೆಚ್ಚು ದುಡಿಸಬಾರದು. ಒಂದೇ ಸಮ 5 ಗಂಟೆಗಿಂತ ಹೆಚ್ಚು ದುಡಿಸಬಾರದು. ಬಿಸಿಲು 37 ಡಿಗ್ರಿ ಸೆಲ್ಸಿಯಸ್ ದಾಟುವ ಕಡೆ ಮಧ್ಯಾಹ್ನ 12ರಿಂದ 3ರವರೆಗೆ ದುಡಿಸಬಾರದು.

ಇದು ಕುದುರೆಯ ಮೇಲಿನ ಕರುಣೆ ಮಾತ್ರ ಅಲ್ಲ. ನಮ್ಮ ಹೊಟ್ಟೆಪಾಡೂ ಅದರ ನಾಲ್ಕು ಕಾಲಿನ ಮೇಲೇ ನಿಂತಿದೆ.

9. ಮೋತಿ ಏನಾಯಿತು?

ಡಾಕ್ಟರು ಧನುರ್ವಾಯು ಲಸಿಕೆ ಹಾಕಿದರು. ಮುಂದಿನ ಚುಚ್ಚುಮದ್ದಿನ ದಿನ ಬರೆದುಕೊಟ್ಟರು. ಜಂತಿನ ಔಷಧಿ ಕೊಟ್ಟರು.

"ಈಗ ಗಾಡಿ ಬೇಡ. ಆದರೆ ಒಂದೇ ಕಡೆ ಕಟ್ಟಿಯೂ ಹಾಕಬೇಡಿ. ತೊಡೆಗೆ ಬಲ ಬರಬೇಕು. ದಿನಾ ಬೆಳಿಗ್ಗೆ, ಸಂಜೆ ಸಮ ನೆಲದಲ್ಲಿ ನೇರವಾಗಿ ನಡೆಸಿ. ಮೊದಲು ಹದಿನೈದು ನಿಮಿಷ. ಆಮೇಲೆ ಸ್ವಲ್ಪ ಸ್ವಲ್ಪ ಜಾಸ್ತಿ. ಹಸಿಹುಲ್ಲು, ಹುರುಳಿ ನಿಧಾನವಾಗಿ ಹೆಚ್ಚಿಸಿ. ಲಾಳ ಆರರಿಂದ ಎಂಟು ವಾರಕ್ಕೊಮ್ಮೆ ತೆಗೆಸಿ, ಗೊರಸು ಹೆರೆಸಿ ಕಟ್ಟಿಸಿ. ಬಹಳ ಕುದುರೆ ಬಲ ಬಂದ ಹಾಗೆ ಸರಿ ಹೋಗ್ತವೆ. ಹೋಗದಿದ್ದರೆ ಆಪರೇಷನ್ ಇದೆ" ಅಂದರು.

ನಡೆಸುವ ಈ ಮಾತು ಮಂಡಿ ಚಿಪ್ಪಿನ ತೊಂದರೆಗೆ ಮಾತ್ರ. ಬೇರೆ ಕುಂಟಿಗೆ ಬೇರೆ ಮಾತು. ಅದಕ್ಕೇ ಕಾರಣ ತಿಳಿಯದೆ ನಡೆಸಬಾರದು.

ಆ ವರ್ಷದ ದಸರಾ ಸಂಪಾದನೆ ಕೈತಪ್ಪಿತು. ಗಂಡ ಬೇರೆಯವರ ಗಾಡಿ ಓಡಿಸಿ ದಿನಗೂಲಿ ತಂದ. ಕಂತು ಕಟ್ಟಲು ಅಕ್ಕ ಹೆಂಗಸರ ಸಂಘದಲ್ಲಿ ಸಾಲ ತೆಗೆದಳು. ಕಷ್ಟವೇ ಆಯಿತು. ದಿನಾ ಬೆಳಿಗ್ಗೆ ಅಕ್ಕ, ಸಂಜೆ ಅತ್ತೆ ಮೋತಿಯ ಹಗ್ಗ ಹಿಡಿದು ಬೀದಿಯಲ್ಲಿ ನಡೆದರು. ಜನ ನಕ್ಕರು. "ಕುದುರೇನ ವಾಕಿಂಗ್ ಕರ್ಕೊಂಡು ಹೊರಟ್ರಾ?" ಅಂದರು.

ಮೊದಲ ತಿಂಗಳು ಕಾಲು ಆಗಾಗ ಬಿಗಿಯುತ್ತಿತ್ತು. ಎರಡನೇ ತಿಂಗಳು ವಾರಕ್ಕೊಮ್ಮೆ. ನಾಲ್ಕನೇ ತಿಂಗಳು ಒಂದು ಸಲವೂ ಇಲ್ಲ. ಪ್ರತಿ ಸಲವನ್ನೂ ಅಕ್ಕ ಹಾಳೆಯಲ್ಲಿ ಬರೆದಿದ್ದಳು. ಮೋತಿಗೆ ನಾಲ್ಕು ವರ್ಷ ತುಂಬಿದ ಮೇಲೆ, ಡಾಕ್ಟರು ನೋಡಿ ಒಪ್ಪಿದ ಮೇಲೆ, ಖಾಲಿ ಗಾಡಿ ಕಟ್ಟಿದರು.

ಪಕ್ಕದ ಮನೆಯ ತಾತ ಜಗಲಿಯ ಮೇಲೆ ಕೂತು ನೋಡುತ್ತಿದ್ದರು. ಆಮೇಲೆ ಅಕ್ಕನನ್ನು ಕರೆದು, "ಮಗಾ, ಆ ಫೋನ್ ನಂಬರು ನಮ್ಮ ಗೋಡೆ ಮೇಲೂ ಬರೆದುಬಿಡು" ಅಂದರು.

ಓದಿ, ಹೇಳಿ

ಗೊರಸು. ಲಾಳ. ಮಂಡಿ ಚಿಪ್ಪು. ಹಿಮ್ಮಡಿ. ಧನುರ್ವಾಯು. ಲಸಿಕೆ. ನಾಡಿ.

ಲೆಕ್ಕ ಮಾಡಿ

1. 15 ಸೆಕೆಂಡಿಗೆ ನಾಡಿ 18 ಬಂತು. ನಿಮಿಷಕ್ಕೆ ಎಷ್ಟು? ಇದು ಸರಿಯಾದ ನಾಡಿಯೇ?
2. ದಿನದ ಬಾಡಿಗೆ 500 ರೂಪಾಯಿ ಅಂತ ಇಟ್ಟುಕೊಳ್ಳಿ. 10 ದಿನ ಗಾಡಿ ನಿಂತರೆ ಎಷ್ಟು ನಷ್ಟ? ಹೊಸ ಕುದುರೆಗೆ 40,000 ರೂಪಾಯಿ ಆದರೆ, ಯಾವ ನಷ್ಟ ದೊಡ್ಡದು?

ಮಾತಾಡಿ

1. ಮೋತಿ ಕಾಲು ತಾನೇ ಬಿಟ್ಟುಕೊಂಡ ಮೇಲೂ ಅಕ್ಕ ಯಾಕೆ ಗಾಡಿ ಕಟ್ಟಲು ಬಿಡಲಿಲ್ಲ?
2. ನಿಮ್ಮ ಮನೆಯ ದನ, ಕುರಿಗೆ ಯಾರಾದರೂ ಬರೆ ಹಾಕಿದ್ದಾರೆಯೇ? ಆಮೇಲೆ ಏನಾಯಿತು?

ಬರೆಯಿರಿ

ನಿಮ್ಮ ಮನೆಯ ಒಂದು ಪ್ರಾಣಿಯ ಬಗ್ಗೆ ಅಕ್ಕ ಬರೆದಂಥ ಚೀಟಿ ಬರೆಯಿರಿ. ಹೆಸರು, ವಯಸ್ಸು, ಹಾಕಿಸಿದ ಲಸಿಕೆ, ದಿನಾಂಕ. ಅಕ್ಷರ ಸೊಟ್ಟ ಆದರೂ ಚಿಂತೆಯಿಲ್ಲ. ಬರೆದು ಗೋಡೆಗೆ ಅಂಟಿಸಿ.